ಪರಂಗಿ ಎಂಬ ಹೆಸರು: ಮೈಸೂರು ಸೀಮೆಯಲ್ಲಿ ಕ್ರಿಸ್ತೀಯರ ನಡತೆಯೂ ಅವರ ಧರ್ಮಕ್ಕೆ ಬಂದ ಕೀರ್ತಿಯೂ

ಜಯನಗರದ 4ನೆಯ ಬ್ಲಾಕಿನ ಮಾರುಕಟ್ಟೆಯಲ್ಲಿ ಪಪ್ಪಾಯಿಯನ್ನು ‘ಪರಂಗಿ ಹಣ್ಣು’ ಎಂದು ಕೇಳಿ ಕೊಳ್ಳುವವರು ಇಂದಿಗೂ ಇದ್ದಾರೆ. ಅಮೆರಿಕದ ನೆಲದಲ್ಲಿ ಹುಟ್ಟಿದ ಆ ಹಣ್ಣು ಐರೋಪ್ಯರ ಹಡಗುಗಳ ಮೂಲಕ ನಮ್ಮ ದೇಶಕ್ಕೆ ಬಂದುದರಿಂದ, ತಂದವರ ಹೆಸರೇ ಅದಕ್ಕೂ ಅಂಟಿಕೊಂಡಿತು. ಹಣ್ಣಿಗೆ ಮಾತ್ರವಲ್ಲ. 16ನೆಯ ಶತಮಾನದ ವೈದ್ಯ ಭಾವಮಿಶ್ರನು ತನ್ನ ‘ಭಾವಪ್ರಕಾಶ’ದಲ್ಲಿ ಅಂಗಸಂಗದಿಂದ ಹರಡುವ ಒಂದು ಹೊಸ ವ್ಯಾಧಿಯನ್ನು ‘ಫಿರಂಗ ರೋಗ’ ಎಂದು ಕರೆದನು. ಫ್ರಾಂಕ್ ಎಂಬ ಜನಾಂಗವಾಚಕವು ಅರಬ್ಬೀ, ಪಾರಸೀ ಬಾಯಿಗಳಲ್ಲಿ ಹೊರಳಿ ನಮ್ಮಲ್ಲಿ ‘ಪರಂಗಿ’ಯಾಯಿತು. ಒಂದು ಸಿಹಿಹಣ್ಣು, ಒಂದು ಹೇಸಿಕೆಯ ರೋಗ. ಇವೆರಡರ ಜೊತೆಗೆ ಮೂರನೆಯದಾಗಿ ಆ ಹೆಸರನ್ನು ಹೊತ್ತದ್ದು ಕ್ರಿಸ್ತನ ಸುವಾರ್ತೆ.

ಹೊರಗಿನವರು ನಮಗೆ ಹೆಸರಿಡುವುದು ಹೊಸ ಸಂಗತಿಯಲ್ಲ. ‘ಕ್ರೈಸ್ತರು’ ಎಂಬ ಹೆಸರನ್ನು ಶಿಷ್ಯರು ತಾವೇ ಆರಿಸಿಕೊಳ್ಳಲಿಲ್ಲ. ಅಂತಿಯೋಕ್ಯದಲ್ಲಿ ಅವರಿಗೆ ಆ ಹೆಸರು ಬಂದಿತೆಂದು ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯ ತಿಳಿಸುತ್ತದೆ. ನೆರೆಯವರು ನೋಡಿದ್ದನ್ನು ಹೆಸರಾಗಿ ಕೊಡುತ್ತಾರೆ. ತಮಿಳು ಮತ್ತು ಕನ್ನಡ ನಾಡುಗಳ ಜನರು ಪರಂಗಿಯವರಲ್ಲಿ ನೋಡಿದ್ದೇನು? ದನದ ಮಾಂಸ, ಮದ್ಯ, ಶೌಚಾಚಾರದ ಅಭಾವ, ಮೇಲಾಗಿ ಹಡಗು ಮತ್ತು ತೋಪುಗಳ ದರ್ಪ. ಇವುಗಳಲ್ಲಿ ಕೆಲವು ಕೇವಲ ಊಟದ ಭೇದ. ಕೆಲವು ನಿಜವಾದ ಪಾಪ. ನೋಡಿದವರು ಎರಡನ್ನೂ ಬೇರ್ಪಡಿಸಲಿಲ್ಲ. ಬೇರ್ಪಡಿಸಬೇಕೆಂದು ನಾವು ಅವರನ್ನು ಕೇಳುವಂತೆಯೂ ಇರಲಿಲ್ಲ.

1606ರಲ್ಲಿ ಮಧುರೆಗೆ ಬಂದ ಯೇಸುಸಭೆಯ ರಾಬರ್ಟೊ ದೆ ನೊಬಿಲಿಯವರಿಗೆ ಮೊದಲು ಎದುರಾದ ಅಡ್ಡಿ ತತ್ತ್ವದ್ದಲ್ಲ, ಈ ಹೆಸರಿನದು. ಅಲ್ಲಿ ಅವರಿಗಿಂತ ಮೊದಲೇ ಇದ್ದ ಗೊನ್ಸಾಲೊ ಫೆರ್ನಾಂಡಿಸರು ದೀಕ್ಷಾಸ್ನಾನಕ್ಕೆ ಬಂದವರನ್ನು, ನೀವು ಪರಂಗಿ ಕುಲವನ್ನು ಸೇರಲು ಇಚ್ಛಿಸುತ್ತೀರಾ ಎಂಬ ಅರ್ಥದಲ್ಲಿ ಪ್ರಶ್ನಿಸುತ್ತಿದ್ದರಂತೆ. ಆ ಮಾತಿನಲ್ಲಿದ್ದ ಹೀನಾರ್ಥ ಅವರಿಗೆ ತಿಳಿದಿರಲಿಲ್ಲ. ನೊಬಿಲಿಯವರು ತಾವು ಪರಂಗಿಯಲ್ಲವೆಂದು ಸಾರಿ, ಕಾವಿಯುಟ್ಟು, ಸಸ್ಯಾಹಾರವನ್ನು ಹಿಡಿದು, ಸಂನ್ಯಾಸಿಯಂತೆ ಬಾಳಿದರು. ಆ ಮೇಲ್ಪಂಕ್ತಿಯನ್ನೇ ಅನುಸರಿಸಿ ಇಟಲಿಯ ಲಿಯೊನಾರ್ಡೊ ಚಿನ್ನಾಮಿಯವರು 1649ರಲ್ಲಿ ಶ್ರೀರಂಗಪಟ್ಟಣದಲ್ಲಿ ಮೈಸೂರು ಮಿಷನ್ನನ್ನು ಸ್ಥಾಪಿಸಿದರು. ಆಗ ರಣಧೀರ ಕಂಠೀರವ ನರಸರಾಜ ಒಡೆಯರ ಆಳ್ವಿಕೆ. ಚಿನ್ನಾಮಿಯವರು ಕನ್ನಡವನ್ನು ಕಲಿತು, ಅದರ ವ್ಯಾಕರಣವನ್ನೂ ಧರ್ಮೋಪದೇಶವನ್ನೂ ಬರೆದರು.

ಈ ಪ್ರಯತ್ನವನ್ನು ಇಂದಿನ ದೈವಶಾಸ್ತ್ರ ತರಗತಿಗಳಲ್ಲಿ ಸಂಸ್ಕೃತಿಗೆ ಹೊಂದಿಕೊಂಡ ಸಾಕ್ಷಿಯೆಂದು ಮೆಚ್ಚುತ್ತೇವೆ. ಮೆಚ್ಚತಕ್ಕದ್ದೇ. ಆದರೆ ಅದಕ್ಕೆ ತೆತ್ತ ಬೆಲೆಯನ್ನೂ ಲೆಕ್ಕಕ್ಕೆ ತರಬೇಕು. ಆ ಕಾಲದಲ್ಲಿ ಗೌರವವುಳ್ಳವರ ಕಣ್ಣಿಗೆ ಒಳ್ಳೆಯವರಾಗಿ ಕಾಣಬೇಕಾದರೆ, ಅವರು ಯಾರನ್ನು ಮುಟ್ಟುತ್ತಿರಲಿಲ್ಲವೋ ಅವರನ್ನು ಮುಟ್ಟದಂತೆ ಕಾಣಿಸಿಕೊಳ್ಳಬೇಕಿತ್ತು. ಮಧುರೆಯ ಮಿಷನ್ನಿನಲ್ಲಿ ಕೆಳಜಾತಿಗಳೆನಿಸಿದವರ ಸೇವೆಗೆ ‘ಪಂಡಾರಸ್ವಾಮಿ’ಗಳೆಂಬ ಬೇರೆ ವರ್ಗದ ಗುರುಗಳೇ ಏರ್ಪಟ್ಟರು. 1744ರಲ್ಲಿ ಪೋಪ್ 14ನೆಯ ಬೆನೆಡಿಕ್ಟರು ಮಲಬಾರ್ ಆಚರಣೆಗಳ ವಿವಾದಕ್ಕೆ ತೀರ್ಪು ನೀಡಿದಾಗಲೂ, ಅಸ್ಪೃಶ್ಯರೆನಿಸಿದವರಿಗೆ ಪ್ರತ್ಯೇಕ ಗುರುಗಳನ್ನು ನೇಮಿಸುವ ಸಲಹೆ ಅಂಗೀಕಾರವಾಯಿತು. 19ನೆಯ ಶತಮಾನದಲ್ಲಿ ತಮಿಳುನಾಡಿನ ವಡಕ್ಕನ್‌ಕುಳದ ದೇವಾಲಯವನ್ನು ಎರಡು ಜಾತಿಗಳು ಬೇರೆ ಬೇರೆ ಕುಳಿತುಕೊಳ್ಳುವಂತೆಯೇ ಕಟ್ಟಲಾಯಿತು. ಪರಂಗಿ ಎಂಬ ಕಳಂಕವನ್ನು ತೊಳೆದುಕೊಳ್ಳಲು ಹೋದ ಸಭೆ ಬೇರೊಂದು ಕಳಂಕವನ್ನು ಮೈಗೆ ಬಳಿದುಕೊಂಡಿತು; ಇದನ್ನು ಬಹುಕಾಲ ಕಳಂಕವೆಂದು ಯಾರೂ ಕರೆಯಲಿಲ್ಲವೆಂಬುದಷ್ಟೇ ವ್ಯತ್ಯಾಸ.

ಈ ಇಕ್ಕಟ್ಟು ಒಬ್ಬನೇ ಮನುಷ್ಯನ ಬಾಳಿನಲ್ಲಿ ಎದ್ದುಕಾಣುವುದು ಆಬೆ ದ್ಯುಬುವಾ ಅವರಲ್ಲಿ. ಪ್ಯಾರಿಸಿನ ವಿದೇಶ ಮಿಷನ್ ಸಂಸ್ಥೆಯ ಈ ಗುರು 1792ರಲ್ಲಿ ಫ್ರಾನ್ಸನ್ನು ಬಿಟ್ಟರು. 1799ರಲ್ಲಿ ಟಿಪ್ಪು ಸುಲ್ತಾನರ ಪತನವಾದ ಮೇಲೆ, ಒತ್ತಾಯದ ಮತಾಂತರದಿಂದ ಚದುರಿಹೋಗಿದ್ದ ಕ್ರಿಸ್ತೀಯರನ್ನು ಮತ್ತೆ ಕೂಡಿಸಲು ಮೈಸೂರು ಸೀಮೆಗೆ ಬಂದರು. ಇಲ್ಲಿಯವರಂತೆ ಉಟ್ಟು, ಇಲ್ಲಿಯವರಂತೆ ಉಂಡು, ಜನರಿಂದ ‘ದೊಡ್ಡಸ್ವಾಮಿಯವರು’ ಎನಿಸಿಕೊಂಡರು. ಸಿಡುಬಿನ ಲಸಿಕೆಯನ್ನು ಊರೂರಿನಲ್ಲಿ ಹಾಕಿಸಿದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ನೆಲೆಯಿಲ್ಲದವರಿಗಾಗಿ ಬೇಸಾಯದ ನೆಲೆಯೊಂದನ್ನು ಮಾಡಿದರು. ಹಿಂದೂಗಳ ಆಚಾರ ವಿಚಾರಗಳನ್ನು ಕುರಿತ ಅವರ ಹಸ್ತಪ್ರತಿಯನ್ನು ಈಸ್ಟ್ ಇಂಡಿಯಾ ಕಂಪನಿ 2,000 ನಕ್ಷತ್ರ ವರಹಗಳಿಗೆ ಕೊಂಡಿತು. ಆ ಕಂಪನಿಯ ಹಣವನ್ನು ಪಡೆದದ್ದು ‘ಪರಂಗಿಯಲ್ಲದ ಸ್ವಾಮಿ’ಯ ವೇಷಕ್ಕೆ ಎಷ್ಟು ಹೊಂದುತ್ತಿತ್ತೆಂದು ನಮಗೆ ಅನ್ನಿಸದಿರದು.

1823ರಲ್ಲಿ ಅವರು ಮರಳಿ ಹೋದರು. ಅದೇ ವರ್ಷ ಲಂಡನ್ನಿನಲ್ಲಿ ಪ್ರಕಟವಾದ ಅವರ ಪತ್ರಗಳು ಭಾರತದ ಕ್ರೈಸ್ತಧರ್ಮದ ಸ್ಥಿತಿಯನ್ನು ಕುರಿತವು. ಹಿಂದೂಗಳನ್ನು ಮತಾಂತರಿಸುವುದು ಆಗದ ಕೆಲಸವೆಂದು ಅವುಗಳಲ್ಲಿ ತೀರ್ಮಾನಿಸಿದರು. ಒಂದು ಕಾರಣವನ್ನು ಮುಚ್ಚುಮರೆಯಿಲ್ಲದೆ ಹೇಳಿದರು: ಐರೋಪ್ಯರು ಗುಂಪುಗುಂಪಾಗಿ ಬಂದು ತಮ್ಮ ನಡತೆಯನ್ನು ಜನರ ಕಣ್ಣೆದುರು ಇಟ್ಟ ಮೇಲೆ, ಸಂನ್ಯಾಸಿಗಳಂತೆ ಕಂಡ ಗುರುಗಳೂ ವೇಷ ಮರೆಸಿದ ಪರಂಗಿಗಳೇ ಎಂದು ಎಲ್ಲರಿಗೂ ತಿಳಿದುಹೋಯಿತು. ಜೇಮ್ಸ್ ಹೌ, ಹೆನ್ರಿ ಟೌನ್ಲಿ ಮೊದಲಾದ ಪ್ರೊಟೆಸ್ಟೆಂಟರು ಮರುವರ್ಷವೇ ಕಟುವಾದ ಉತ್ತರಗಳನ್ನು ಬರೆದರು. ಅವರ ವಾದಗಳಿಗಿಂತ ನಮ್ಮನ್ನು ಹೆಚ್ಚು ಕಾಡುವುದು ದ್ಯುಬುವಾ ಅವರ ಇನ್ನೊಂದು ಮಾತು. ಇಪ್ಪತ್ತೈದು ವರ್ಷಗಳಲ್ಲಿ ತಾವು ಮಾಡಿದ ಕ್ರಿಸ್ತೀಯರು ಇನ್ನೂರರಿಂದ ಮುನ್ನೂರು; ಅವರಲ್ಲಿ ಮೂರರಲ್ಲಿ ಎರಡು ಪಾಲು ಹೊಲೆಯರೂ ಭಿಕ್ಷುಕರೂ ಎಂದು ಅವರು ಬರೆದದ್ದು ಸೋಲಿನ ಲೆಕ್ಕವಾಗಿ. ಅವರ ಕೈಗೆ ಬಂದಿದ್ದ ಬೆಳೆ ಅವರಿಗೆ ಬೆಳೆಯಾಗಿ ಕಾಣಲಿಲ್ಲ. ಪರ್ವತದ ಪ್ರಸಂಗದ ಮೊದಲ ಆಶೀರ್ವಚನವನ್ನು ನೂರಾರು ಸಲ ಓದಿದ್ದ ಗುರು ಅವರು. ಸಿಡುಬಿನಿಂದ ಪಾರಾದ ಮಕ್ಕಳ ತಾಯಂದಿರಲ್ಲಿ ಅವರಿಗಿದ್ದ ಹೆಸರು ಒಂದು. ಅವರು ಹಂಬಲಿಸಿದ ಹೆಸರು ಇನ್ನೊಂದು.

ಕರಾವಳಿಯ ಬಾಸೆಲ್ ಮಿಷನ್ನಿನ ಕಥೆ ಚಿರಪರಿಚಿತವಾದುದರಿಂದ ಅದನ್ನು ಬೇಗನೆ ದಾಟುತ್ತೇವೆ. ದೀಕ್ಷಾಸ್ನಾನವನ್ನು ಪಡೆದು ಕುಲದೊಡನೆ ಕಸುಬನ್ನೂ ಕಳೆದುಕೊಂಡವರಿಗೆ ಕೆಲಸ ಕೊಡಲು ಮಗ್ಗಗಳು ಬಂದವು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಗೆಯಾರ್ಗ್ ಪ್ಲೆಬ್ಸ್ಟ್ ಹಂಚಿನ ಕಾರ್ಖಾನೆಯನ್ನು ತೆರೆದರು. ಮಿಷನ್ನಿನ ಹೆಸರನ್ನು ಬೆನ್ನ ಮೇಲೆ ಅಚ್ಚೊತ್ತಿಸಿಕೊಂಡ ಹಂಚುಗಳು ಕ್ರಿಸ್ತನನ್ನು ನಂಬದ ಸಾವಿರಾರು ಮನೆಗಳನ್ನು ಮಳೆಯಿಂದ ಕಾದವು. ಅಲ್ಲಿ ಧರ್ಮದ ಹೆಸರು ಹಂಚು ಸೋರದಿರುವುದರ ಮೇಲೆ ನಿಂತಿತ್ತು. ಕಾರ್ಖಾನೆಯ ಯಜಮಾನನೂ ಸಭೆಯ ಶಿಸ್ತಿನ ಅಧಿಕಾರಿಯೂ ಒಂದೇ ಮಿಷನ್ನಿನವರಾಗಿದ್ದುದರಿಂದ ಕೂಲಿಯವನು ಯಾರಲ್ಲಿ ದೂರಬೇಕೆಂಬ ಪ್ರಶ್ನೆಯೂ ಅಲ್ಲಿಯೇ ಹುಟ್ಟಿತು.

ಜಯನಗರದ ಬಡಾವಣೆಗೆ ಅಡಿಗಲ್ಲು ಬಿದ್ದದ್ದು 1948ರಲ್ಲಿ, ಐರೋಪ್ಯರ ಆಳ್ವಿಕೆ ಮುಗಿದ ಮೇಲೆ. ಆದ್ದರಿಂದ ಇಲ್ಲಿ ನಮಗೆ ಬರುವ ಹೆಸರಿಗೆ ಪರಂಗಿಯವರನ್ನು ಹೊಣೆ ಮಾಡುವಂತಿಲ್ಲ. ಬಿ.ಟಿ.ಎಂ. ಬಡಾವಣೆಯ ಬಾಡಿಗೆ ಮನೆಗಳಲ್ಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ನೆರೆಯವರು ಓದುವ ಸುವಾರ್ತೆ ನಾವೇ. 1963ರಲ್ಲಿ ಕ್ಯಾಥೊಲಿಕ್ ಬಿಷಪರು ಆರಂಭಿಸಿದ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮಡಿವಾಳದ ಕಡೆಯಿಂದ ಆಟೊ ಹತ್ತುವ ರೋಗಿ ತ್ರಿತ್ವದ ಬಗೆಗೆ ಏನನ್ನೂ ಅರಿಯನು. ದಾದಿಯ ದನಿಯನ್ನು ಅರಿಯುವನು. ದೇವರ ನಾಮವು ಅನ್ಯಜನರಲ್ಲಿ ನಿಂದೆಗೆ ಗುರಿಯಾಗುವ ಬಗೆಯನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ 2ನೆಯ ಅಧ್ಯಾಯದಲ್ಲಿ ಹೇಳುವಾಗ ದೂರಿದ್ದು ನಿಂದಿಸುವವರನ್ನಲ್ಲ, ಬೋಧಿಸುವವರನ್ನು.

ಸಭಾಪಾಲನೆಗೆ ಸಿದ್ಧರಾಗುತ್ತಿರುವವರಿಗೆ ನಾವು ಒಂದು ಕೆಲಸವನ್ನು ಒಪ್ಪಿಸಬಯಸುತ್ತೇವೆ. ನಿಮ್ಮ ಸಭೆಯ ಕೀರ್ತಿಯನ್ನು ವಿಚಾರಿಸಲು ಹೋದಾಗ ಸಭೆಯ ಹಿರಿಯರನ್ನಾಗಲಿ ಬಡಾವಣೆಯ ಗಣ್ಯರನ್ನಾಗಲಿ ಮೊದಲು ಕೇಳಬೇಡಿ. ಬನಶಂಕರಿಯಲ್ಲಿ ಬೆಳಗಿನ ಆರು ಗಂಟೆಗೆ ನಾಲ್ಕು ಮನೆಗಳ ಪಾತ್ರೆ ತಿಕ್ಕಲು ಹೊರಟ ಹೆಂಗಸನ್ನು ಕೇಳಿ. ಆ ನಾಲ್ಕರಲ್ಲಿ ಒಂದು ಮನೆಯ ಗೋಡೆಯ ಮೇಲೆ ಶಿಲುಬೆ ತೂಗಿರಬಹುದು. ಆ ಮನೆಯಲ್ಲಿ ತನಗೆ ಕಾಫಿ ಕೊಡುವ ಲೋಟವನ್ನು ಎಲ್ಲರ ಲೋಟಗಳೊಡನೆ ಇಡುತ್ತಾರೋ, ಹಿತ್ತಿಲಿನ ಕಿಟಕಿಯ ಮೇಲೆ ಬೇರೆಯಾಗಿ ಇಡುತ್ತಾರೋ ಎಂಬುದನ್ನು ಆಕೆ ಬಲ್ಲಳು.