ಗ್ರೋನಿಂಗನ್ನಿನ ನಾಲ್ಕು ಭಾಗಗಳು

ಡಚ್ಚರು ಹುಟ್ಟಾ ಸೈಕಲ್ ಸವಾರರೆಂದು ಕೊಂಡಾಡುವವರು ಬಹುಮಂದಿ; ಆದರೆ ಎರಡನೆಯ ಮಹಾಯುದ್ಧದ ತರುವಾಯ ಐಶ್ವರ್ಯವು ಬೆಳೆದಂತೆಲ್ಲ ಆ ದೇಶವೂ ಮೋಟಾರಿಗೆ ಮರುಳಾಗಿ, ಕಾಲುವೆಗಳನ್ನು ಮುಚ್ಚಿ, ಹಳೆಯ ಮನೆಗಳನ್ನು ಕೆಡವಿ, ವಿಶಾಲವಾದ ರಸ್ತೆಗಳನ್ನು ನಿರ್ಮಿಸಲು ಹೊರಟಿದ್ದಿತು. 1971ರಲ್ಲಿ ಅಲ್ಲಿಯ ರಸ್ತೆಗಳಲ್ಲಿ ಅಸುನೀಗಿದವರ ಸಂಖ್ಯೆ 3000ವನ್ನು ಮೀರಿತ್ತು. ಅವರಲ್ಲಿ 400ಕ್ಕೂ ಹೆಚ್ಚು ಮಂದಿ ಮಕ್ಕಳು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಕಠೋರವಾದ ಹೆಸರನ್ನೇ ತಾಳಿ ತಂದೆತಾಯಿಗಳು ಹೂಡಿದ ಚಳವಳಿಯೂ, 1973ರ ತೈಲದ ಮುಗ್ಗಟ್ಟಿನಲ್ಲಿ ಭಾನುವಾರಗಳಂದು ಕಾರುಗಳನ್ನು ನಿಷೇಧಿಸಿದ ಸರ್ಕಾರದ ಆಜ್ಞೆಯೂ ಕೂಡಿ ಜನಮನವನ್ನು ತಿರುಗಿಸಿದುವು. ಬರಿದಾದ ಹೆದ್ದಾರಿಗಳಲ್ಲಿ ಮಕ್ಕಳು ನಿರ್ಭಯವಾಗಿ ಸೈಕಲ್ ಹೊಡೆದುದನ್ನು ಕಣ್ಣಾರೆ ಕಂಡ ಮೇಲೆ, ಅದು ಅಸಾಧ್ಯವೆಂದು ವಾದಿಸುವುದು ಯಾರಿಗಾದರೂ ಕಷ್ಟವೇ.

ಸರ್ಕಾರವು ಮೊದಲು ಟಿಲ್ಬರ್ಗ್ ಮತ್ತು ಹೇಗ್ ನಗರಗಳಲ್ಲಿ ಮಾದರಿಗೆಂದು ಒಂದೊಂದು ಸೊಗಸಾದ ಸೈಕಲ್ ಪಥವನ್ನು ಮಾಡಿಸಿತು. ಪಥದ ಮೇಲೆ ಸವಾರರೇನೋ ಹೆಚ್ಚಿದರು. ಊರಿನ ಒಟ್ಟು ಸಂಚಾರದ ರೀತಿ ಮಾತ್ರ ಹೆಚ್ಚು ಬದಲಾಗಲಿಲ್ಲ.

ಉತ್ತರದ ವಿಶ್ವವಿದ್ಯಾನಿಲಯ ನಗರವಾದ ಗ್ರೋನಿಂಗನ್ ಹಿಡಿದ ದಾರಿಯೇ ಬೇರೆ. ಮೂವತ್ತರ ಆಸುಪಾಸಿನ ತರುಣ ಮಾಕ್ಸ್ ಫಾನ್ ಡೆನ್ ಬೆರ್ಗ್ ಮೊದಲಾದ ಎಡಪಂಥೀಯ ನಾಯಕರು ರೂಪಿಸಿದ ಯೋಜನೆಯು, ಕಾಲುವೆಗಳು ಬಳಸಿದ ಹಳೆಯ ಊರನ್ನು ನಾಲ್ಕು ಭಾಗಗಳಾಗಿ ವಿಂಗಡಿಸಿ, ಒಂದರಿಂದ ಇನ್ನೊಂದಕ್ಕೆ ಕಾರು ನೇರವಾಗಿ ದಾಟಕೂಡದೆಂದು ವಿಧಿಸಿತು. ಕಾರಿನವನು ಕೂಗಳತೆಯ ಅಂಗಡಿಯನ್ನು ಸೇರಬೇಕಾದರೂ, ಅದು ನೆರೆಯ ಭಾಗದ್ದಾಗಿದ್ದಲ್ಲಿ, ಬಂದ ದಾರಿಯಲ್ಲೇ ಹೊರಗಿನ ವರ್ತುಲ ರಸ್ತೆಗೆ ಮರಳಿ, ಸುತ್ತಿ, ಬೇರೊಂದು ಕಡೆಯಿಂದ ಒಳಹೊಗಬೇಕು. ಸೈಕಲ್ಲಿನವನಾದರೋ ಪೆಡಲು ತುಳಿದು ನೆಟ್ಟಗೆ ದಾಟಿಬಿಡುವನು. ಇದಕ್ಕೆ ಬೇಕಾದುದು ಮುಖ್ಯವಾಗಿ ಫಲಕಗಳು, ಏಕಮುಖ ಸಂಚಾರದ ಕಟ್ಟಳೆಗಳು. 1977ರ ಸೆಪ್ಟೆಂಬರಿನ ಒಂದು ರಾತ್ರಿಯಲ್ಲಿ ಅವೆಲ್ಲ ಬದಲಾದುವು. ಸೈಕಲ್ಲಿಗೆ ಹಾದಿ ಕಟ್ಟಿಕೊಡುವುದಕ್ಕಿಂತ ಕಾರಿನ ಅಡ್ಡಹಾದಿಯನ್ನು ಕಿತ್ತುಕೊಳ್ಳುವುದು ಅಗ್ಗವೆಂಬುದನ್ನು ಅರಿತ ಈ ಜಾಣತನವೇ ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ಸಾರ.

ವರ್ತಕರು ಕೆರಳಿದರು. ಗಿರಾಕಿಗಳು ಕಾರಿನಲ್ಲೇ ಬರುವರೆಂದೂ, ಕಾರು ತಪ್ಪಿದರೆ ವ್ಯಾಪಾರವೇ ಮುಳುಗುವುದೆಂದೂ ಅವರ ದೂರು. ಗಲ್ಲಾಪೆಟ್ಟಿಗೆಯ ಭಯವನ್ನು ಯಾವ ನಕ್ಷೆಯೂ ಶಮನ ಮಾಡಲಾರದಷ್ಟೆ. ಆದರೂ ನಗರಸಭೆಯು ಹಿಂಜರಿಯಲಿಲ್ಲ. ಗ್ರೋಟೆ ಮಾರ್ಕ್ಟ್ ಚೌಕದ ಮೂಲಕ ಊರನ್ನು ಹಾಯ್ದುಹೋಗುತ್ತಿದ್ದ ವಾಹನಗಳು ವರ್ತುಲ ರಸ್ತೆಯ ಪಾಲಾದುವು. ಮುಂದಿನ ದಶಕಗಳಲ್ಲಿ ಅಂಗಡಿಬೀದಿಗಳು ಒಂದೊಂದಾಗಿ ಪಾದಚಾರಿಗಳ ವಶಕ್ಕೆ ಬಂದುವು. ಇಂದು ಆ ನಗರದೊಳಗಿನ ಪ್ರಯಾಣಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸೈಕಲ್ಲಿನ ಮೇಲೆಯೇ ನಡೆಯುತ್ತವೆ.