ಚುನಾವಣಾ ವೆಚ್ಚ: ಯಾರ ಲೆಕ್ಕಕ್ಕೆ?

ಅಭ್ಯರ್ಥಿಯ ಚುನಾವಣಾ ವೆಚ್ಚಕ್ಕೆ ಮಿತಿಯಿರಬೇಕೆಂಬ ನಿಯಮ 1951ರ ಪ್ರಜಾಪ್ರಾತಿನಿಧ್ಯ ಕಾಯಿದೆಯಷ್ಟೇ ಹಳೆಯದು. ಆದರೆ ಅಭ್ಯರ್ಥಿಗಾಗಿ ಪಕ್ಷವೇ ಹಣ ಸುರಿದರೆ ಅದು ಯಾರ ಲೆಕ್ಕಕ್ಕೆ?

1971ರಲ್ಲಿ ದೆಹಲಿ ಸದರ್ ಕ್ಷೇತ್ರದಿಂದ ಲೋಕಸಭೆಗೆ ಅಮರನಾಥ್ ಚಾವ್ಲಾ ಗೆದ್ದರು. ವೆಚ್ಚದ ಮಿತಿ 10,000 ರೂಪಾಯಿ. ಸೋತ ಕನ್ವರ್ ಲಾಲ್ ಗುಪ್ತ ನ್ಯಾಯಾಲಯದ ಮೆಟ್ಟಿಲೇರಿದರು. 1974ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಆಯ್ಕೆಯನ್ನು ರದ್ದುಪಡಿಸಿತು; ಅಭ್ಯರ್ಥಿಗೆ ತಿಳಿದೂ ಆತ ಬೇಡವೆನ್ನದೆ ಅನುಕೂಲ ಪಡೆದ ಪಕ್ಷದ ಖರ್ಚು ಅವನದೇ ಎಂದಿತು. ಅದೇ ತಿಂಗಳು ಸರ್ಕಾರದ ಸುಗ್ರೀವಾಜ್ಞೆ ಹೊರಟಿತು: ಪಕ್ಷದ, ಗೆಳೆಯರ ಖರ್ಚು ಅಭ್ಯರ್ಥಿಯ ಲೆಕ್ಕಕ್ಕಿಲ್ಲ! ತಳವಿಲ್ಲದ ಕೊಡಕ್ಕೆ ಅಳತೆಯ ಗೆರೆ ಎಳೆದ ಹಾಗೆ ನೋಡಿ ಇದು.

2003ರಲ್ಲಿ ಸಂಸತ್ತು ಆ ವಿನಾಯಿತಿ ತೆಗೆಯಿತು, ಪಕ್ಷದ ನಾಯಕರ ಪ್ರಚಾರ ಪ್ರಯಾಣದ ವೆಚ್ಚವನ್ನು ಮಾತ್ರ ಹೊರಗಿಟ್ಟಿತು. 2022ರಲ್ಲಿ ಕರ್ನಾಟಕದಂಥ ರಾಜ್ಯಗಳ ಲೋಕಸಭಾ ಅಭ್ಯರ್ಥಿಯ ಮಿತಿ 95 ಲಕ್ಷ ರೂಪಾಯಿಗೇರಿತು. ಪಕ್ಷದ ಒಟ್ಟು ಖರ್ಚಿಗೆ ಕಾಯಿದೆ ಮಿತಿಯನ್ನೇ ಹಾಕಿಲ್ಲ.