ಟಿ.ವಿ. ರಸಪ್ರಶ್ನೆ ಆಧಾರಿತ ಕನ್ಸೋಲ್ ಆಟಗಳು

ಟಿ.ವಿ. ರಸಪ್ರಶ್ನೆ ಕಾರ್ಯಕ್ರಮಗಳ ನಿಯಮ, ವೇದಿಕೆ, ಅಂಕಪದ್ಧತಿಗಳನ್ನು ಮನೆಯ ಗೇಮ್ ಯಂತ್ರಕ್ಕೆ ಒಗ್ಗಿಸಿದ ಆಟಗಳಿವು. ಇವುಗಳಲ್ಲಿ ಹೆಸರಾದದ್ದು ‘ಜೆಪರ್ಡಿ’. ಮರ್ವ್ ಗ್ರಿಫಿನ್ ರೂಪಿಸಿದ ಈ ಕಾರ್ಯಕ್ರಮ 1964ರಲ್ಲಿ ಅಮೆರಿಕದ ಎನ್‌ಬಿಸಿಯಲ್ಲಿ ಆರಂಭವಾಯಿತು. ಬ್ರಿಟನ್ನಿನ ರೇರ್ ಸಂಸ್ಥೆ ಅದನ್ನು ನಿಂಟೆಂಡೊದ 8-ಬಿಟ್ ಯಂತ್ರಕ್ಕೆ ಅಳವಡಿಸಿತು, ಗೇಮ್‌ಟೆಕ್ 1988ರಲ್ಲಿ ಮಾರಾಟಕ್ಕೆ ತಂದಿತು. ಕೀಲಿಮಣೆ ಇಲ್ಲದ ಕಾರಣ ಆಟಗಾರ ಉತ್ತರವನ್ನು ಒಂದೊಂದೇ ಅಕ್ಷರವಾಗಿ ಆರಿಸಿ ಕೂಡಿಸಬೇಕಿತ್ತು. ಚಿಪ್‌ನಲ್ಲಿದ್ದ ಪ್ರಶ್ನೆಗಳು ಬದಲಾಗುತ್ತಿರಲಿಲ್ಲ. ಆಡಿದಷ್ಟೂ ಹಳೆಯವೇ ಮರಳುತ್ತಿದ್ದವು. ಜೂನಿಯರ್ ಆವೃತ್ತಿ, 25ನೇ ವಾರ್ಷಿಕೋತ್ಸವದ ಆವೃತ್ತಿ, ಸೂಪರ್ ಜೆಪರ್ಡಿ ಒಂದರ ಹಿಂದೊಂದು ಬಂದವು.

90ರ ದಶಕದಲ್ಲಿ ಕರ್ನಾಟಕದ ಮನೆಗಳನ್ನು ಹೊಕ್ಕ ಟಿ.ವಿ. ಗೇಮ್‌ಗಳು ಹೆಚ್ಚಾಗಿ ಜಪಾನಿನ ಫ್ಯಾಮಿಕಾಮ್‌ನ ತದ್ರೂಪುಗಳು. ಅವುಗಳ ಕ್ಯಾಸೆಟ್ಟಿಗೆ 60 ಪಿನ್, ಅಮೆರಿಕದ ಕ್ಯಾಸೆಟ್ಟಿಗೆ 72. ಹಾಗಾಗಿ ಅಲ್ಲಿಯ ಕ್ಯಾಸೆಟ್ಟು ಇಲ್ಲಿಯ ಯಂತ್ರಕ್ಕೆ ನೇರವಾಗಿ ಹೊಂದುತ್ತಿರಲಿಲ್ಲ. ಮಕ್ಕಳು ಮಾರಿಯೊ, ಕಾಂಟ್ರಾ ಆಡಿ ಬೆಳೆದರೂ ಜೆಪರ್ಡಿಯ ಪರಿಚಯವಾಗದಿರಲು ಇದೂ ಒಂದು ಕಾರಣ.

ಇಂಥ ಆಟವನ್ನು ಕನ್ನಡದಲ್ಲೇ ಕಟ್ಟೋಣವೆಂದರೆ ಅದಕ್ಕಿಂತ ದೊಡ್ಡ ತೊಡಕು ಲಿಪಿಯದು. ನಿಂಟೆಂಡೊದ ಆ ಯಂತ್ರ ಹಿನ್ನೆಲೆಯನ್ನು 8×8 ಚುಕ್ಕಿಗಳ ಬಿಲ್ಲೆಗಳಿಂದ ಕಟ್ಟುತ್ತದೆ, ಸಾಮಾನ್ಯವಾಗಿ ಒಮ್ಮೆಗೆ 256 ಬಿಲ್ಲೆಗಳು ಸಿಗುತ್ತವೆ. ಇಂಗ್ಲಿಷಿನ ದೊಡ್ಡಕ್ಷರಗಳಿಗೆ 26 ಸಾಕು. ಕನ್ನಡದ ಕಾಗುಣಿತ ಅಷ್ಟು ಚಿಕ್ಕ ಚೌಕದಲ್ಲಿ ಉಸಿರಾಡದು. ಚಿತ್ರದುರ್ಗ ಜಿಲ್ಲೆಯ ನಾಲ್ಕು ಊರುಗಳನ್ನೇ ನೋಡಿ: ‘ಚಿತ್ರದುರ್ಗ’ದಲ್ಲಿ ಕೆಳಗೊಂದು ಒತ್ತು, ಪಕ್ಕಕ್ಕೊಂದು ಅರ್ಕಾವತ್ತು, ‘ಹೊಸದುರ್ಗ’ಕ್ಕೂ ಅರ್ಕಾವತ್ತು ಬೇಕು, ‘ಹೊಳಲ್ಕೆರೆ’ಯಲ್ಲಿ ಲಕಾರಕ್ಕೆ ಕಕಾರ ಒತ್ತಾಗಿ ಇಳಿಯುತ್ತದೆ. ಒತ್ತಕ್ಷರವಿಲ್ಲದ್ದು ‘ಹಿರಿಯೂರು’ ಮಾತ್ರ. ಇದನ್ನೆಲ್ಲ ಬಾಣದ ಗುಂಡಿಗಳಿಂದ ಆರಿಸಿ ಬರೆಯುವುದೆಂದರೆ ಆಟಕ್ಕಿಂತ ಬರವಣಿಗೆಯೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು.

ನಾಲ್ಕು ಆಯ್ಕೆಗಳ ಪದ್ಧತಿ ಈ ಕಷ್ಟ ನೀಗಿಸಿತು. 1998ರಲ್ಲಿ ಬ್ರಿಟನ್ನಿನಲ್ಲಿ ಶುರುವಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’ 2000ರಲ್ಲಿ ಪ್ಲೇಸ್ಟೇಷನ್‌ಗೆ ಬಂತು. ಅದೇ ವರ್ಷ ಅಮಿತಾಭ್ ಬಚ್ಚನ್ ಅದರ ಹಿಂದಿ ರೂಪವಾದ ‘ಕೌನ್ ಬನೇಗಾ ಕರೋಡ್‌ಪತಿ’ ನಡೆಸಿಕೊಟ್ಟರು. ಪುನೀತ್ ರಾಜ್‌ಕುಮಾರ್ ಅವರ ‘ಕನ್ನಡದ ಕೋಟ್ಯಧಿಪತಿ’ ಸುವರ್ಣ ವಾಹಿನಿಯಲ್ಲಿ 2012ರಲ್ಲಿ ಮೊದಲಾಯಿತು.

ಆದರೆ ಕನ್ನಡದ ಸ್ವಂತ ರಸಪ್ರಶ್ನೆ ಅದಕ್ಕೂ ಹಿಂದಿನದು: ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ನಡೆಸಿಕೊಡುತ್ತಿರುವ ‘ಥಟ್ ಅಂತ ಹೇಳಿ’. ಗೆದ್ದವರಿಗೆ ಪುಸ್ತಕಗಳೇ ಬಹುಮಾನ. ಹಳೆಯ ಕನ್ಸೋಲ್ ಮಾದರಿಯಲ್ಲಿ ಕನ್ನಡದ ಆಟ ಕಟ್ಟಬಯಸುವವರಿಗೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿಯಿಲ್ಲ. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿರುವ ಅರಸ ಮಯೂರಶರ್ಮನ ಶಾಸನ ಯಾವ ಭಾಷೆಯದು, ಹಿರಿಯೂರಿನ ವಾಣಿವಿಲಾಸ ಸಾಗರ ಯಾವ ನದಿಗೆ ಕಟ್ಟಿದ್ದು ಎಂಬ ಪ್ರಶ್ನೆಗಳು ಅಂಥ ಆಟದಲ್ಲಿ ಮೊದಲ ಹಂತದಲ್ಲೇ ಇರಬೇಕು. ಉತ್ತರ: ಪ್ರಾಕೃತ, ವೇದಾವತಿ.